ಸಯ್ಯಾಜಿರಾವ್ ರಸ್ತೆಯಲ್ಲಿ ಮದುವೆಯ ಜವಳಿ

ಉಡಿಗಾಲದ ಸುತ್ತಣ ಸೀಮೆಯಲ್ಲಿ ವಿವಾಹವೊಂದು ನಿಶ್ಚಯವಾಯಿತೆಂದರೆ, ಚಾಮರಾಜನಗರದ ಪೇಟೆಯಲ್ಲಿಯೇ ಬಹುಪಾಲು ಸಾಮಗ್ರಿ ದೊರೆಯುವುದಾದರೂ, ಧಾರೆಯ ಸೀರೆಗೆ ಮೈಸೂರಿಗೇ ಹೋಗಬೇಕೆಂಬ ಹಂಬಲ ಹೆಂಗಸರಲ್ಲಿ ಇಂದಿಗೂ ಅಳಿದಿಲ್ಲ. ತಂಗಿಯ ಮಗಳ ಲಗ್ನಕ್ಕೆಂದು ನಾನೂ ಅಕ್ಕನೂ ಚಾಮರಾಜನಗರದಲ್ಲಿ ಬೆಳಗಿನ ರೈಲನ್ನೇರಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನಿಗೆ ಕುಳಿತಲ್ಲಿಂದಲೇ ಕೈಮುಗಿದು, ಬಿಸಿಲೇರುವ ಮುನ್ನ ಸಯ್ಯಾಜಿರಾವ್ ರಸ್ತೆಯನ್ನು ಸೇರಿದೆವು.

ಬಡೋದೆಯ ಅರಸರ ಹೆಸರನ್ನು ಧರಿಸಿರುವ ಈ ರಾಜವೀಥಿಯಲ್ಲಿ ವಿಜಯದಶಮಿಯಂದು ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಬನ್ನಿಮಂಟಪದ ಕಡೆಗೆ ಸಾಗುತ್ತದೆ. ಮಿಕ್ಕ ದಿನಗಳಲ್ಲಿ ಇದು ಕೊಳ್ಳುವವರ ಮತ್ತು ಮಾರುವವರ ಸ್ವತ್ತು. ಜವಳಿ, ಪಾತ್ರೆ, ಪಾದರಕ್ಷೆ, ಆಭರಣ, ಇವುಗಳ ಅಂಗಡಿಗಳ ನಡುವೆ ಮೈಸೂರುಪಾಕಿನ ತುಪ್ಪದ ಪರಿಮಳವೂ ಬರುತ್ತದೆ. ಆ ಭಕ್ಷ್ಯವನ್ನು ಮೊದಲು ಪಾಕಮಾಡಿದವನೆಂದು ಪ್ರತೀತಿಯಿರುವ ಅರಮನೆಯ ಅಡುಗೆಯವ ಕಾಕಾಸುರ ಮಾದಪ್ಪನ ವಂಶದವರ ಗುರು ಸ್ವೀಟ್ಸ್ ಇರುವುದು ಈ ಬೀದಿಯಲ್ಲಿಯೇ.

ಕೃಷ್ಣರಾಜ ವೃತ್ತದ ಬಳಿಯ ಸರ್ಕಾರಿ ರೇಷ್ಮೆ ಮಳಿಗೆಯಲ್ಲಿ ಅಕ್ಕ ಬಹಳ ಹೊತ್ತು ಕುಳಿತಳು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಕಾರ್ಖಾನೆಯ ನೇಯ್ಗೆ ಅದು. ನಮ್ಮ ಕಡೆಯಲ್ಲಿ ರಾತ್ರಿಯೂ ಎದ್ದು ಹುಳುವಿಗೆ ಸೊಪ್ಪು ಹಾಕುವ ಹೆಂಗಸರನ್ನು ಬಲ್ಲ ನನಗೆ, ಆ ಸೀರೆಯ ಬೆಲೆ ಹೆಚ್ಚೆಂದು ಹೇಳಲು ನಾಲಿಗೆ ಏಳಲಿಲ್ಲ. ಅರಗಿನ ಬಣ್ಣದ ಒಂದನ್ನು ಕೊಂಡೆವು.

ಆದರೆ ಈ ರಸ್ತೆಯ ಜೀವವಿರುವುದು ದೇವರಾಜ ಮಾರುಕಟ್ಟೆಯಲ್ಲಿ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕರೆ, ಶಿಖರದಾಕಾರದಲ್ಲಿ ರಾಶಿಯಿಟ್ಟ ಕುಂಕುಮ, ಮಾರುಗಟ್ಟಲೆ ಅಳೆದು ಕೊಡುವ ಮಲ್ಲಿಗೆ, ವೀಳ್ಯದೆಲೆಯ ಕಟ್ಟುಗಳು, ನಂಜನಗೂಡು ರಸಬಾಳೆಯ ಗೊನೆಗಳು, ಬಾಸಿಂಗದಿಂದ ಹಿಡಿದು ಬಜೆಯವರೆಗೆ ಸಮಸ್ತವನ್ನೂ ಇಟ್ಟುಕೊಂಡ ಗ್ರಂದಿಗೆ ಅಂಗಡಿಗಳು. ಅರಿಶಿನದ ಕೊಂಬನ್ನು ಮುರಿದು ಬಣ್ಣ ನೋಡುತ್ತಿದ್ದ ಅಕ್ಕನನ್ನು ಅಂಗಡಿಯ ಮುದುಕ ಕೇಳಿದ:

"ಯಾವೂರವ್ವ?"

"ಉಡಿಗಾಲ ಕಣಪ್ಪ, ಚಾಮರಾಜನಗರದ ತಾವು."

"ಹಂಗಾರೆ ನಿಮ್ಮ ಸೀಮೆ ಅರಿಸಿಣವ ನೀವೇ ಕೊಳ್ಳಕ್ಕೆ ಬಂದಿದ್ದೀರಿ!" ಎಂದವನು ತೂಗಿದ ಮೇಲೆ ಇನ್ನೆರಡು ಕೊಂಬನ್ನು ಸೇರಿಸಿಕೊಟ್ಟ.

ಚಾಮರಾಜನಗರ, ಗುಂಡ್ಲುಪೇಟೆಗಳ ಹೊಲದಲ್ಲಿ ಅಗೆದು, ಬೇಯಿಸಿ, ಒಣಗಿಸಿ ಮೂಟೆ ಕಟ್ಟಿದ ಸರಕು ಎಲ್ಲಿಗೆ ಹೋಗುವುದೆಂದು ಬೆಳೆದವನಿಗೆ ಸಾಮಾನ್ಯವಾಗಿ ತಿಳಿಯದು. ಇಲ್ಲಿಯಾದರೋ ಬೆಳೆದ ಊರಿನ ಹೆಸರು ಮಾರುವವನ ಬಾಯಲ್ಲಿ ಉಳಿದಿದೆ. ಬೆಲೆಯ ಚೀಟಿ ಅಂಟಿಸಿದ ಗಾಜಿನ ಮಳಿಗೆಗಳಲ್ಲಿ ನಾನು ಇಂಥ ಸಂಭಾಷಣೆಯನ್ನು ಕೇಳಿಲ್ಲ.

ದೇವರಾಜ ಮಾರುಕಟ್ಟೆಯ ಕಟ್ಟಡವೀಗ ಶಿಥಿಲವಾಗಿದೆ. 2012ರಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಮೃತರಾದರು. 2016ರಲ್ಲಿ ಮಾರುಕಟ್ಟೆಯ ಉತ್ತರದ್ವಾರವೇ ಕಳಚಿಬಿದ್ದಿತು. ಅಂದಿನಿಂದ ಕೆಡವಬೇಕೆಂಬುವರೂ ಉಳಿಸಬೇಕೆಂಬುವರೂ ವಾದಿಸುತ್ತ ಬಂದಿದ್ದಾರೆ. ಪ್ರಾಣಭಯವನ್ನು ಅಲಕ್ಷಿಸುವಂತಿಲ್ಲ ನಿಜ. ಆದರೂ ಹಳೆಯ ಗಾರೆಯನ್ನು ಬಲ್ಲ ಕುಶಲಿಗಳಿಂದ ಇದನ್ನು ದುರಸ್ತಿಗೊಳಿಸಿ, ಅದೇ ಮಾಡಿನಡಿಯಲ್ಲಿ ಅದೇ ವರ್ತಕರನ್ನು ಉಳಿಸಬೇಕೆಂದು, ಈ ಮಾರುಕಟ್ಟೆಗೆ ತಲೆಮಾರುಗಳಿಂದ ಬೆಳೆ ಒದಗಿಸುತ್ತ ಬಂದ ಸೀಮೆಯವನಾಗಿ ಅಧಿಕಾರಸ್ಥರಲ್ಲಿ ಪ್ರಾರ್ಥಿಸುತ್ತೇನೆ.