ಅಟ್ಟದಲ್ಲಿ ಸಿಕ್ಕಿದ ಕಾರಂತರು

ಶಿವರಾಮ ಕಾರಂತರನ್ನು ಎಲ್ಲರೂ ಚೋಮನಿಂದಲೋ ಮೂಕಜ್ಜಿಯಿಂದಲೋ ಶುರುಮಾಡುತ್ತಾರೆ. ನನಗೆ ಮೊದಲು ಸಿಕ್ಕಿದ್ದು ‘ಬಾಲಪ್ರಪಂಚ’ದ ಒಂದು ಸಂಪುಟ. ಸುಳ್ಯದ ಕಡೆಯ ಅಜ್ಜನ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ಮರೆಯಲ್ಲಿ, ರಟ್ಟು ಕಳಚಿ, ಅಂಚನ್ನು ಒರಲೆಗೆ ಒಪ್ಪಿಸಿ ಕುಳಿತಿತ್ತು. ಆಟಿ ತಿಂಗಳ ಮಳೆ; ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅಕ್ಷರಗಳ ಗೋಜಿಗೆ ಹೋಗದೆ ಮೂರು ದಿನ ಬರೀ ಚಿತ್ರಗಳನ್ನು ನೋಡಿದೆ. 1930ರ ದಶಕದಲ್ಲಿ ಮಕ್ಕಳಿಗಾಗಿ ಲೋಕವನ್ನೇ ಮೂರು ಸಂಪುಟಗಳಲ್ಲಿ ಕಟ್ಟಿಕೊಟ್ಟವರು ನಮ್ಮ ಪುತ್ತೂರಿನಲ್ಲೇ ಇದ್ದವರು ಎಂದು ಆಮೇಲೆ ಮಾವ ಹೇಳಿದರು. “ಅವರಿಗೆ ಸುಮ್ಮನೆ ಕೂತುಕೊಳ್ಳಲಿಕ್ಕೆ ಗೊತ್ತಿರಲಿಲ್ಲ, ಮಾರಾಯ.”

ಅಂದಿನಿಂದ ನನಗೊಂದು ಚಾಳಿ. ಕಡಬವಿರಲಿ, ಬೆಳ್ಳಾರೆಯಿರಲಿ, ಹಳೆಯ ಮನೆಗೆ ನೆಂಟನಾಗಿ ಹೋದರೆ ಊಟವಾದ ಮೇಲೆ ಮೆಲ್ಲನೆ “ಅಟ್ಟದಲ್ಲಿ ಪುಸ್ತಕ ಎಂತಾದರೂ ಉಂಟಾ?” ಎಂದು ಕೇಳುವುದು. ಕಾದಂಬರಿಗಳು ಅಂಗಡಿಯಲ್ಲೂ ಸಿಗುತ್ತವೆ. ನಾನು ಹುಡುಕುವುದು ಇನ್ನೊಬ್ಬ ಕಾರಂತರನ್ನು: ಕಲೆಯ ಬಗ್ಗೆಯೇ ಹದಿಮೂರು ಪುಸ್ತಕ ಬರೆದವರನ್ನು, ಕುಂಚ ಹಿಡಿದವರನ್ನು, ಮೂಕಿ ಸಿನಿಮಾಕ್ಕೂ ಕೈಹಾಕಿದವರನ್ನು. ಒಮ್ಮೆ ‘ಯಕ್ಷಗಾನ ಬಯಲಾಟ’ ಸಿಕ್ಕಿತು. 1957ರದ್ದು, 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಮನೆಯೊಡತಿ ಅದನ್ನು ಕೊಡಲಿಲ್ಲ. “ಇಲ್ಲೇ ಕೂತು ಓದಿ, ಸಂಜೆ ಚಾ ಮಾಡ್ತೇನೆ” ಎಂದರು. ಎರಡು ಚಾ ಆಯಿತು.

ಪರ್ಲಡ್ಕದ ಬಾಲವನಕ್ಕೆ ಹೋದಾಗಲೆಲ್ಲ ನನಗೆ ಅದೇ ಅಟ್ಟದ ನೆನಪು. ಸುಮಾರು ನಾಲ್ಕು ದಶಕ ಕಾರಂತರು ಬದುಕಿದ ಜಾಗ ಅದು. ಮನೆಯನ್ನು ರಿಪೇರಿ ಮಾಡಿ ನೋಡುವವರಿಗಾಗಿ ಇಟ್ಟಿದ್ದಾರೆ. ಗೋಡೆಯ ಫೋಟೋಗಳಿಗಿಂತ ನನ್ನನ್ನು ಹೆಚ್ಚು ನಿಲ್ಲಿಸಿಕೊಳ್ಳುವುದು ಅಲ್ಲಿ ಅವರಿಗೊಂದು ಮುದ್ರಣಾಲಯವೂ ಇತ್ತೆನ್ನುವುದು. ಬರೆದದ್ದು ಸಾಲದೆ ಮೊಳೆ ಜೋಡಿಸಿ ಅಚ್ಚುಹಾಕುವ ರಗಳೆಯನ್ನೂ ಮೈಮೇಲೆ ಎಳೆದುಕೊಂಡರು. ಕೆಲವು ಪುಸ್ತಕಗಳಿಗೆ ಮುಖಪುಟವನ್ನೂ ತಾವೇ ಬರೆದರು. ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟವರು ಲೆಕ್ಕದಲ್ಲಿ ಸ್ವಲ್ಪ ಸಂಕೋಚ ಮಾಡಿದರೆಂದೇ ನನ್ನ ಗುಮಾನಿ. ಸುಬ್ರಹ್ಮಣ್ಯದ ಕಡೆಯ ಕಾಡು ‘ಬೆಟ್ಟದ ಜೀವ’ವಾಯಿತು, ಸರಿ, ಆದರೆ ‘ಕುಡಿಯರ ಕೂಸು’ ಬರೆದು ಕಾಲು ಶತಮಾನ ಕಳೆದ ಮೇಲೆ, ಎಪ್ಪತ್ತು ದಾಟಿದ ಪ್ರಾಯದಲ್ಲಿ, ಅದನ್ನು ‘ಮಲೆಯ ಮಕ್ಕಳು’ ಎಂದು ತಾವೇ ಸಿನಿಮಾ ಮಾಡಲು ಹೊರಟರಲ್ಲ, ಅದಕ್ಕೆ ಏನೆನ್ನುವುದು?

ಅವರ ಎಲ್ಲ ಪ್ರಯೋಗಕ್ಕೂ ನಾನು ತಲೆದೂಗಿದವನಲ್ಲ. ಯಕ್ಷಗಾನದಿಂದ ಅವರು ಮಾತನ್ನೇ ತೆಗೆದರು. ಪದ ಮತ್ತು ಕುಣಿತವಷ್ಟೇ ಉಳಿಯಿತು. ಜೊತೆಗೆ ಪಿಟೀಲು, ಸ್ಯಾಕ್ಸೊಫೋನು ಬಂದವು. ನಮ್ಮದು ತೆಂಕುತಿಟ್ಟಿನ ಸೀಮೆ. ತಾಳಮದ್ದಳೆಯಲ್ಲಿ ವೇಷವಿಲ್ಲದಿದ್ದರೂ ನಡೆದೀತು, ಅರ್ಥ, ಎಂದರೆ ಪಾತ್ರದ ಮಾತು, ಬೇಕೇಬೇಕು. ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರ ಅರ್ಥ ಕೇಳಿ ಬೆಳೆದ ಜನಕ್ಕೆ ಮಾತಿಲ್ಲದ ಯಕ್ಷಗಾನವೆಂದರೆ ಉಪ್ಪಿಲ್ಲದ ಗಂಜಿ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ನೋಡನೋಡುತ್ತ, ಮಾತಿನ ಗದ್ದಲದಲ್ಲಿ ನಾನು ಇಷ್ಟು ವರ್ಷ ಕಾಣದೇ ಹೋದ ಕಾಲು, ಕುತ್ತಿಗೆ, ಕಣ್ಣು ಒಂದೊಂದಾಗಿ ಕಾಣತೊಡಗಿದವು. ಚಿತ್ರ ಬರೆಯುವವನು ರಂಗವನ್ನು ನೋಡಿದರೆ ಹೀಗೆಯೇ ನೋಡಿಯಾನು.

ಒಮ್ಮೆ ಮಾವನನ್ನೂ ಉಡುಪಿಗೆ ಕರೆದುಕೊಂಡು ಹೋಗಿ ಈ ಮಾತಿಲ್ಲದ ಬಗೆಯ ‘ಅಭಿಮನ್ಯು’ ತೋರಿಸಿದೆ. ಚಕ್ರವ್ಯೂಹದ ಹೊತ್ತಿಗೆ ಸಭೆಯೆಲ್ಲ ನಿಶ್ಶಬ್ದ. ನನ್ನ ಪಕ್ಕದಲ್ಲಿ ಮಾತ್ರ ಸಣ್ಣಗೆ ಗುನುಗು. ತಿರುಗಿ ನೋಡಿದರೆ ಮಾವ, ಕಣ್ಣು ರಂಗದ ಮೇಲಿಟ್ಟು, ಅಭಿಮನ್ಯುವಿನ ಪರವಾಗಿ ದ್ರೋಣನಿಗೆ ಅರ್ಥ ಹೇಳುತ್ತಿದ್ದರು.