ಕ್ಲಾರ್ಕ್ ವಿಗ್ ತೆಗೆದ ರಾತ್ರಿ

ಸುದ್ದಿ ಕಳಿಸಿ, ಡೆಸ್ಕಿನವರ ಫೋನ್ ಮುಗಿಸಿ ನಾವು ಊಟಕ್ಕೆ ಕೂರುವುದೇ ರಾತ್ರಿ ಹತ್ತೂವರೆಗೆ. ಆಮೇಲೆ ಮೊಬೈಲಿನಲ್ಲಿ ದಿನಕ್ಕೊಂದು ಕಂತಿನಂತೆ ನೋಡಿ ಮುಗಿಸಿದ ಧಾರಾವಾಹಿ 'ದಿ ಅಮೆರಿಕನ್ಸ್'. 2013ರಿಂದ 2018ರವರೆಗೆ ಆರು ಸೀಸನ್ ಬಂದ ಇದನ್ನು ರೂಪಿಸಿದ ಜೋ ವೈಸ್‌ಬರ್ಗ್ ಹಿಂದೊಮ್ಮೆ ಸಿಐಎಯಲ್ಲಿ ಕೆಲಸ ಮಾಡಿದವರು.

ಕಥೆ 1980ರ ದಶಕದ್ದು. ವಾಷಿಂಗ್ಟನ್ ಹತ್ತಿರ ಟ್ರಾವೆಲ್ ಏಜೆನ್ಸಿ ನಡೆಸುವ ಫಿಲಿಪ್ ಮತ್ತು ಎಲಿಜಬೆತ್ ಗಂಡ ಹೆಂಡತಿ, ಇಬ್ಬರು ಮಕ್ಕಳು. ಅಸಲಿಗೆ ಇಬ್ಬರೂ ಕೆಜಿಬಿ ಗೂಢಚಾರರು. ಫಿಲಿಪ್ ಪಾತ್ರ ಮಾಡಿದವರು ಮ್ಯಾಥ್ಯೂ ರೀಸ್. ಅವನು ವಿಗ್, ಕನ್ನಡಕ ಹಾಕಿ 'ಕ್ಲಾರ್ಕ್' ಆಗಿ, ಎಫ್‌ಬಿಐ ಕಚೇರಿಯ ಕಾರ್ಯದರ್ಶಿ ಮಾರ್ಥಾಳನ್ನು ಒಲಿಸಿಕೊಳ್ಳುತ್ತಾನೆ. ಮೊದಲ ಸೀಸನ್ನಿನಲ್ಲೇ ಮದುವೆಯೂ ಆಗುತ್ತದೆ. ಅವನಿಗೆ ಬೇಕಿದ್ದದ್ದು ಅವಳ ಮೇಲಧಿಕಾರಿಯ ಕೋಣೆಯ ಮಾತು. ಪೆನ್ನಿನೊಳಗೆ ಕದ್ದಾಲಿಸುವ ಸಾಧನ ಇಟ್ಟು ಅವಳ ಕೈಗೆ ಕೊಡುತ್ತಾನೆ.

ಇಷ್ಟೇ ಆಗಿದ್ದರೆ ಅವನು ಮೋಸಗಾರ ಎಂದು ಮುಂದೆ ಹೋಗುತ್ತಿದ್ದೆವು. ಆದರೆ ಮೂರನೇ ಸೀಸನ್ನಿನ ಕೊನೆಯ ಹೊತ್ತಿಗೆ, ಕಚೇರಿಯಲ್ಲಿ ಪೆನ್ನು ಸಿಕ್ಕಿಬಿದ್ದು ಮಾರ್ಥಾ ಕುಸಿದಾಗ, ಅವನು ಅವಳೆದುರು ಕೂತು ವಿಗ್ ತೆಗೆಯುತ್ತಾನೆ. ಅದು ಪ್ರೀತಿಯೋ, ಅವಳನ್ನು ಹಿಡಿದಿಡುವ ಇನ್ನೊಂದು ಉಪಾಯವೋ? ನಾವು ಆ ದೃಶ್ಯವನ್ನು ಮೂರು ಸಲ ನೋಡಿದೆವು. ಅವನಿಗೂ ಗೊತ್ತಿಲ್ಲ ಅನಿಸಿತು. ಅವಳನ್ನು ಉಳಿಸಲು ಜೀನ್ ಎಂಬ ಅಮಾಯಕನನ್ನು ಕೊಂದು, ತಪ್ಪನ್ನು ಅವನ ಹೆಗಲಿಗೆ ಹಾಕುತ್ತಾನೆ. ಅಷ್ಟಾದರೂ ಅವಳು ಉಳಿಯುವುದಿಲ್ಲ. ನಾಲ್ಕನೇ ಸೀಸನ್ನಿನಲ್ಲಿ ವಿಮಾನ ಹತ್ತಿ, ಭಾಷೆಯೇ ಬಾರದ ದೇಶಕ್ಕೆ ಒಬ್ಬಳೇ ಹೋಗುತ್ತಾಳೆ.

ನಮಗೆ ನಿದ್ದೆ ಬರಲಿಲ್ಲ. ನಮಗೂ ಒಬ್ಬ ಮಾರ್ಥಾ ಇದ್ದರು. ಒಂದು ಸರ್ಕಾರಿ ಕಚೇರಿಯ ಗುಮಾಸ್ತೆ, ನಾವು 'ಅಕ್ಕ' ಎನ್ನುತ್ತಿದ್ದೆವು. ಮಗನ ಪಿಯುಸಿ ಮಾರ್ಕ್ಸ್, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸುತ್ತಿದ್ದೆವು. ಕಾಳಜಿ ಸುಳ್ಳಲ್ಲ. ಆದರೆ ವಿಚಾರಿಸಿ ಮುಗಿದ ಮೇಲೆ ಮೆಲ್ಲಗೆ ಟೆಂಡರ್ ಫೈಲಿನ ಮಾತು ತೆಗೆಯುತ್ತಿದ್ದೆವು. ಸುದ್ದಿ ಬಂತು, ನಮ್ಮ ಹೆಸರೂ ಬಂತು. ತಿಂಗಳೊಳಗೆ ಅಕ್ಕನಿಗೆ ದೂರದ ತಾಲ್ಲೂಕಿಗೆ ವರ್ಗ. ಅವರೇ ಕೊಟ್ಟದ್ದೆಂದು ನಾವು ಯಾರಿಗೂ ಹೇಳಿರಲಿಲ್ಲ. ಆದರೆ ಆ ಫೈಲು ಇದ್ದದ್ದು ಅವರ ಮೇಜಿನಲ್ಲಿ ಮಾತ್ರ. ಅಷ್ಟನ್ನು ನಾವು ಮೊದಲೇ ಯೋಚಿಸಬೇಕಿತ್ತು.

ಡಿಪ್ಲೊಮಾ ತರಗತಿಯಲ್ಲಿ ಮೂಲದ ಹೆಸರು ಬಿಟ್ಟುಕೊಡಬಾರದು ಎಂದು ಕಲಿತಿದ್ದೆವು. ಸುದ್ದಿ ಆದ ಮೇಲೆ ಆ ಮನುಷ್ಯರಿಗೆ ಫೋನ್ ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾಚಿಕೆಗೆ ಏಳು ತಿಂಗಳು ಸುಮ್ಮನಿದ್ದವರು ಮರುದಿನ ಮಾಡಿದೆವು.

"ಏನಪ್ಪಾ, ಈಗ ಯಾವ ಫೈಲು ಬೇಕಿತ್ತು?" ಅಂದರು ಅಕ್ಕ.

"ಯಾವುದೂ ಬೇಡ ಅಕ್ಕ. ಅತ್ತೆ ಮಂಡಿ ಹೇಗಿದೆ ಅಂತ ಕೇಳೋಣ ಅಂತ."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಅವರು ಹೋಗಿ ಮೂರು ತಿಂಗಳಾಯ್ತು" ಅಂದರು.

ಫೋನ್ ಇಡಲಿಲ್ಲ. ನಾವೂ ಇಡಲಿಲ್ಲ.