ಪಂಪ್ ಹೋಗಿದೆ ಅಂದ್ರು!

ಸುಬ್ರಹ್ಮಣ್ಯದಿಂದ ಸಕಲೇಶಪುರದ ಮನೆಗೆ ವಾಪಸ್ ಬರ್ತಾ ಇದ್ವಿ. ಶಿರಾಡಿ ಘಾಟಿಯ ತಿರುವಿನಲ್ಲಿ ಬೈಕ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹಿಂದಿನ ಸೀಟಲ್ಲಿ ಹೆಂಡತಿ, ಅವಳ ಹಿಂದೆ ಹಾರ್ನ್ ಹೊಡೆಯುವ ಲಾರಿ. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತೆ, ಬಿಸಿಯಾದರೆ ಮತ್ತೆ ಆಫ್. ಹೇಗೋ ಮನೆ ಸೇರಿದಾಗ ಅವಳು ಹೇಳಿದ್ದು, "ಇನ್ಮೇಲೆ ಇದ್ರಲ್ಲಿ ನಾನು ಬರಲ್ಲ."

"ಫ್ಯೂಯೆಲ್ ಪಂಪ್ ಹೋಗಿದೆ ಸಾರ್, ಏಳೆಂಟು ಸಾವಿರ ಆಗುತ್ತೆ" ಅಂದ ಮೆಕ್ಯಾನಿಕ್. 2020ರಲ್ಲಿ ಬಿಎಸ್6 ಬಂದ ಮೇಲೆ ಬಹುತೇಕ ಬೈಕ್‌ಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಟ್ಯಾಂಕಿನೊಳಗೆ ಕರೆಂಟ್ ಪಂಪ್ ಬಂತು. ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ 'ಜುಂಯ್' ಅನ್ನುತ್ತಲ್ಲ, ಅದೇ. ನನ್ನ ಬೈಕ್ ನಿಂತಾಗ ಆ ಸದ್ದೇ ಇರುತ್ತಿರಲಿಲ್ಲ.

"ವೈರಿಂಗ್ ನೋಡಿದ್ಯೇನೋ?" ಅಂದರು ಅಪ್ಪ. ಲೈನ್‌ಮನ್ ಆಗಿ ರಿಟೈರ್ ಆದವರು.

"ಅಪ್ಪಾ, ಇದು ನಿಮ್ಮ ಕಾಲದ ಬೈಕಲ್ಲ" ಅಂದೆ. ಅವರು ಸುಮ್ಮನಾದರು. ಈಗ ನೆನೆದರೆ ನಾಚಿಕೆಯಾಗುತ್ತೆ.

ಭಾನುವಾರ ಮಲ್ಟಿಮೀಟರ್ ಹಿಡಿದು ಅಂಗಳಕ್ಕಿಳಿದೆ. ಬೈಕ್ ಚೆನ್ನಾಗಿರುವಾಗ ಟೆಸ್ಟ್ ಮಾಡಿದರೆ ಏನೂ ಸಿಗಲ್ಲ. ಬಗ್ ಬಂದಾಗಲೇ ಹಿಡೀಬೇಕು. ಅದಕ್ಕೇ ಅರ್ಧ ಗಂಟೆ ಓಡಿಸಿ, ನಿಂತ ತಕ್ಷಣ ಪಂಪಿನ ಕನೆಕ್ಟರ್ ಬಿಚ್ಚಿದೆ. ಕೀ ಆನ್ ಮಾಡಿ ವೈರಿನ ಕಡೆ ಮೀಟರ್ ಇಟ್ಟರೆ 12.2 ವೋಲ್ಟ್! ಕರೆಂಟ್ ಬರ್ತಿದೆ, ಅಂದ್ರೆ ಪಂಪೇ ಕೆಟ್ಟಿದೆ. ಆರ್ಡರ್ ಮಾಡಲು ಫೋನ್ ತೆಗೆದೆ.

ಅಷ್ಟರಲ್ಲಿ ಅಪ್ಪ ತಮ್ಮ ಹಳೇ ಬೈಕಿನಿಂದ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಬಿಚ್ಚಿ ತಂದರು. "ಲೋಡ್ ಹಾಕದೆ ವೋಲ್ಟೇಜ್ ನೋಡಿದ್ರೆ ಏನ್ ಗೊತ್ತಾಗುತ್ತೆ? ಮೊದ್ಲು ಬಲ್ಬ್ ಸಿಕ್ಕಿಸು, ಆಮೇಲೆ ಕೀ ಹಾಕು. ಪೆಟ್ರೋಲ್ ಹತ್ರ ಕಿಡಿ ಬೇಡ."

ಬಲ್ಬ್ ಮಂಕಾಗಿ ಉರಿಯಿತು. ಮೀಟರ್ 7ಕ್ಕೆ ಇಳಿಯಿತು.

ಮೀಟರ್ ಎಳೆಯುವ ಕರೆಂಟ್ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ತುಕ್ಕು ಹಿಡಿದ ಜಾಯಿಂಟ್ ಮೂಲಕವೂ ಪೂರ್ತಿ ವೋಲ್ಟೇಜ್ ಕಾಣುತ್ತೆ. ಬಲ್ಬ್, ಪಂಪ್ ಕರೆಂಟ್ ಎಳೆದಾಗಲೇ ಅದು ಅಲ್ಲಿ ಕುಸಿಯೋದು. ಎಂಜಿನಿಯರಿಂಗ್ ಮೊದಲ ವರ್ಷದಲ್ಲೇ ಓದಿದ್ದೆ, ಪರೀಕ್ಷೆಗೆ.

ಕೀ ಆಫ್ ಮಾಡಿ, ಬಲ್ಬಿನ ಅರ್ಥ್ ತುದಿಯನ್ನು ಕನೆಕ್ಟರ್ ಬಿಟ್ಟು ನೇರ ಬ್ಯಾಟರಿ ಮೈನಸ್‌ಗೆ ಕೊಟ್ಟೆವು. ಮತ್ತೆ ಕೀ ಹಾಕಿದರೆ ಬಲ್ಬ್ ಪಳ್ ಅಂತು. ಅಲ್ಲಿಗೆ ಪ್ಲಸ್ ಸರಿ, ಅರ್ಥ್ ಸರಿಯಿಲ್ಲ. ಹುಡುಕಿದರೆ ಫ್ರೇಮಿಗೆ ಅರ್ಥ್ ವೈರ್ ಸೇರುವ ಬೋಲ್ಟಿನ ಸುತ್ತ ಹಸಿರು ಕಿಲುಬು. ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದ್ವಿ. ಖರ್ಚು ಐದು ರೂಪಾಯಿ.

ಆಮೇಲೆ ಎರಡು ಸಲ ಘಾಟಿ ಇಳಿದು ಹತ್ತಿದ್ದೇವೆ. ಹೆಂಡತಿ ಬಂದಳು. ಆದರೆ ತಿರುವು ಬಂದಾಗಲೆಲ್ಲ ಮಾತು ನಿಲ್ಲಿಸಿ ಎಂಜಿನ್ ಸದ್ದು ಕೇಳಿಸಿಕೊಳ್ತಾಳೆ.